ಕುರ್ಚಿಗೆ ಮಾಡಿದ ಆಹೇರಿ

ನಮ್ಮ ಬಚ್ಚಲಮನೆಯ ಗೂಟಕ್ಕೆ ಒಂದು ಟವೆಲ್ ತೂಗುಬಿದ್ದಿದೆ. ಅದನ್ನು ಟವೆಲ್ ಎಂದು ಕರೆಯುವುದೂ ಒಂದು ಮರ್ಯಾದೆಯ ಮಾತೇ. ಕೆಂಪು ಅಂಚಿನ, ಸೊಳ್ಳೆಪರದೆಯಷ್ಟು ತೆಳ್ಳಗಿನ ಆ ಬಟ್ಟೆ ನೀರನ್ನು ಹೀರುವುದಿಲ್ಲ, ಎಡಭುಜದ ಮೇಲಿನ ನೀರನ್ನು ಬಲಭುಜಕ್ಕೆ ವರ್ಗಾವಣೆ ಮಾಡುತ್ತದೆ, ಅಷ್ಟೇ. ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಕಡತಗಳನ್ನು ಇದೇ ರೀತಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದವಳು ನಾನು. ಹಾಗಾಗಿ ಆ ಟವೆಲ್ಲಿನ ಕಾರ್ಯವೈಖರಿಯ ಬಗ್ಗೆ ನನಗೆ ಸಹೋದ್ಯೋಗಿಯ ಗೌರವವಿದೆ.

ನಮ್ಮ ಕಡೆಯವರಲ್ಲದ ಗೆಳೆಯರಿಗೆ ಇದು ಎಂಥ ಟವೆಲ್ ಎಂದು ಹೇಳಬೇಕು. ಇದು ಆಹೇರಿಯ ಟವೆಲ್. ಮದುವೆಯಲ್ಲಿ ಬೀಗರಿಗೆ, ನೆಂಟರಿಗೆ ಹೆಸರು ಹಿಡಿದು ಕರೆದು ಬಟ್ಟೆ ಕೊಡುವುದಕ್ಕೆ ನಾವು ಆಹೇರಿ ಎನ್ನುತ್ತೇವೆ: ಹೆಂಗಸರಿಗೆ ಕುಪ್ಪಸದ ಖಣ, ಗಂಡಸರಿಗೆ ಟವೆಲ್, ಹತ್ತಿರದ ಹಿರಿಯರಿಗೆ ತಲೆಗೆ ಸುತ್ತುವ ಪಟಗ. ಈ ಟವೆಲ್ ಮೈ ಒರೆಸಲು ಹುಟ್ಟಿದ್ದಲ್ಲ, ದೇಶಸಂಚಾರಕ್ಕೆ ಹುಟ್ಟಿದ್ದು. ಕುಷ್ಟಗಿಯ ಮದುವೆಯಲ್ಲಿ ಸಿಕ್ಕದ್ದು ಯಲಬುರ್ಗಾದ ಮದುವೆಗೆ ಹೋಗುತ್ತದೆ, ಅಲ್ಲಿಂದ ಗಂಗಾವತಿಗೆ, ಮಡಿಕೆ ಮುರಿಯದೆ, ಅಂಗಡಿಯ ಚೀಟಿ ಕೀಳದೆ. ಇದು ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಆದರೂ ಇಂಥ ಟವೆಲ್ಲಿಗಾಗಿ ನಮ್ಮ ಜನ ಎಲೆಯ ಮುಂದಿನಿಂದ ಎದ್ದು ಹೋಗಿದ್ದಾರೆ, ಒಡಹುಟ್ಟಿದವರ ಜೊತೆ ಮಾತು ಬಿಟ್ಟಿದ್ದಾರೆ. ಹುಟ್ಟಿದಾಗಿನಿಂದ ಇದನ್ನೆಲ್ಲ ನೋಡುತ್ತ ಬಂದ ನಾನು ಇದರಿಂದ ಏನೂ ಕಲಿತಿರಲಿಲ್ಲ.

ಕೊಪ್ಪಳದ ಆ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕ ದಿನ ಅಪ್ಪ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಹೆಜ್ಜೆಗೊಮ್ಮೆ ನೆಲಕ್ಕೆ ಅಡ್ಡಬೀಳುತ್ತ ದೀಡ ನಮಸ್ಕಾರ ಹಾಕಿ ಬಂದಿದ್ದ. ಗಿಣಿಗೇರಾದ ಕಾರ್ಖಾನೆಯಲ್ಲಿ ಅದಿರು ಹೊತ್ತು ಬೆನ್ನು ಬಾಗಿಸಿಕೊಂಡ ಅಪ್ಪನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ, ನಿಂತು ದುಡಿಯುವವರದು ಮತ್ತು ಕುಂತು ದುಡಿಯುವವರದು. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿದ ಮೊದಲ ಜೀವ ನಾನು. ಅಂಥ ಕುರ್ಚಿಯನ್ನು ಬಿಟ್ಟು ನಾನು ಮದುವೆ ಮಾಡಿಸುವ ವ್ಯಾಪಾರಕ್ಕೆ ಇಳಿದೆ. ಕಾರಣ ಬಹಳ ಸಣ್ಣದು. ಕಚೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಹಂದರದಿಂದ ಹುಗ್ಗಿಯವರೆಗೆ ಓಡಾಡುವವಳು ನಾನೇ ಆಗಿರುತ್ತಿದ್ದೆ; ಮರುದಿನ ಬಂದು ಕಡತ ಬಿಚ್ಚಿದರೆ ಜೀವವೇ ಬತ್ತಿದಂತಾಗುತ್ತಿತ್ತು. ರಾಜೀನಾಮೆ ಕೊಟ್ಟಾಗ ಸಾಹೇಬರು, "ಮನ್ಯಾಗ ಏನರ ತ್ರಾಸ ಐತೇನ ರೇಣುಕಾ?" ಎಂದು ದನಿ ತಗ್ಗಿಸಿ ಕೇಳಿದರು. ಓಣಿಯವರು ದನಿ ತಗ್ಗಿಸಲಿಲ್ಲ. "ತನ್ನ ಮದುವಿ ಮಾಡ್ಕೊಳ್ಳಾಕ ಆಗ್ಲಿಲ್ಲ, ಮಂದಿ ಮದುವಿ ಮಾಡಸ್ತಾಳಂತ," ಎಂದರು. ಹೆರಿಗೆ ಮಾಡಿಸುವ ಗಂಡು ಡಾಕ್ಟರನ್ನು ಯಾರೂ ಹೀಗೆ ಆಡಿಕೊಂಡದ್ದನ್ನು ನಾನಂತೂ ಕೇಳಿಲ್ಲ.

ಅಪ್ಪ ಬೈಯಲಿಲ್ಲ. ಮತ್ತೊಮ್ಮೆ ಹುಲಿಗಿಗೆ ಹೋಗಿ, ತಾಯಿ ಕೊಟ್ಟದ್ದನ್ನು ಮಗಳು ವಾಪಸು ಮಾಡಿದ್ದಕ್ಕೆ ತಪ್ಪು ಕಾಣಿಕೆ ಹಾಕಿ ಬಂದ. ಆಮೇಲೆ ಹಾಲಿನವನಿಗೆ, ಹಿಟ್ಟಿನ ಗಿರಣಿಯವನಿಗೆ, ಕೇಳಿದವರಿಗೆ, ಕೇಳದವರಿಗೆ, "ಮಗಳು ರಜಾದ ಮ್ಯಾಲೆ ಅದಾಳ್ರಿ," ಎಂದು ಹೇಳತೊಡಗಿದ. ನನ್ನೆದುರಿಗೇ ಹೇಳುತ್ತಿದ್ದ. ನಾನು ಸತ್ತರೂ ದೀರ್ಘ ರಜೆಯೆಂದೇ ಹೇಳುತ್ತಿದ್ದನೋ ಏನೋ. ಓಣಿಯವರ ಮಾತಿಗೆ ನಾನು ತಿರುಗಿ ಮಾತು ಕೊಡಬಲ್ಲೆ, ಆದರೆ ಅಪ್ಪನ ಆ ಒಂದು ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಹೊಸ ವ್ಯಾಪಾರಕ್ಕೆ ಗಿರಾಕಿ ಬರುವುದಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದುದು ಅಪ್ಪನ ಬಾಯಿಂದ ಆ ರಜೆ ಹೋಗುವುದು.

ಇನ್ನು ಈ ಹೊಸ ಕಾಲದ ಮದುವೆಗಳ ವೈಭವವನ್ನು ಏನೆಂದು ಹೇಳಲಿ ಗೆಳೆಯರೇ. ಮದುವೆಗೆ ಮುಂಚೆ ಗಂಗಾವತಿಯ ಭತ್ತದ ಗದ್ದೆಯಲ್ಲಿ ಫೋಟೋ ತೆಗೆಸಬೇಕು. ಕೆಸರು ಕಂಡರೆ ಮೂಗು ಮುಚ್ಚುವ ಹುಡುಗಿ ಸಸಿ ಹಿಡಿದು ಮುಗುಳ್ನಗುತ್ತಾಳೆ. ನಿಜವಾಗಿ ನಾಟಿ ಮಾಡಲು ಬಂದ ಹೆಂಗಸರು ಕೆಲಸ ನಿಲ್ಲಿಸಿ ಅವಳ ಲಂಗದ ಅಂಚು ಎತ್ತಿ ಹಿಡಿದು ಬದುವಿನ ಮೇಲೆ ನಿಂತಿರುತ್ತಾರೆ. ಮಂಟಪಕ್ಕೆ ಬರುವಾಗ ಯಂತ್ರದಿಂದ ಬಿಳಿ ಹೊಗೆ ಬಿಡಬೇಕು. ಮೋಡದ ನಡುವಿನಿಂದ ಮದುಮಗಳು ಇಳಿದು ಬರಲೆಂದು ನಾವು ಹೊಗೆ ಬಿಟ್ಟರೆ ಮುಂದಿನ ಸಾಲಿನ ಅಜ್ಜಿಯರು ಹಸಿ ಕಟ್ಟಿಗೆ ಹೊತ್ತಿತೆಂದು ತಿಳಿದು ಸೆರಗಿನಿಂದ ಬೀಸಿ ಬೀಸಿ ಅದನ್ನು ಓಡಿಸುತ್ತಾರೆ. ಇವನ್ನೆಲ್ಲ ನಾನು ಶ್ರದ್ಧೆಯಿಂದ ಮಾಡಿಸಿದೆ, ಯಾಕೆಂದರೆ ಮದುವೆ ಕೆಟ್ಟರೂ ಫೋಟೋ ಕೆಡಬಾರದೆಂಬುದು ಈಗಿನ ಧರ್ಮ.

ನನಗೆ ಸಿಕ್ಕ ಮೊದಲ ಮದುವೆ ಗಂಗಾವತಿಯ ಅಕ್ಕಿ ಗಿರಣಿಯ ಯಜಮಾನ ದೇವಪ್ಪನವರ ಮಗಳದು. ಗಂಡು ಕುಷ್ಟಗಿಯ ಕಡೆಯ ಮಾಸ್ತರ. ಹಿಟ್ನಾಳದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಕಲ್ಯಾಣ ಮಂಟಪ. ಕಚೇರಿ ಬಿಟ್ಟರೂ ಕಚೇರಿಯ ಬುದ್ಧಿ ನನ್ನನ್ನು ಬಿಟ್ಟಿರಲಿಲ್ಲ. ಆಹೇರಿಯ ಹೆಸರು ಕೂಗುವುದು ಅರ್ಧ ದಿನವನ್ನೇ ತಿನ್ನುತ್ತದೆ ಎಂದು ಲೆಕ್ಕ ಹಾಕಿದೆ. ಮೈಕಿನಲ್ಲಿ ಕರೆದ ಕೂಡಲೇ ಯಾರೂ ಎದ್ದು ಬರುವುದಿಲ್ಲ, ಹಾಗೆ ಬಂದರೆ ಆಸೆಬುರುಕರೆಂದು ಅನ್ನಿಸಿಕೊಳ್ಳುತ್ತಾರೆ. ಇನ್ನೊಂದು ಸಲ ಕರೆಸಿಕೊಂಡು, ಬೇಡ ಬೇಡ ಎನ್ನುತ್ತ, ಪಕ್ಕದವರಿಂದ ದಬ್ಬಿಸಿಕೊಳ್ಳುತ್ತ ಬರಬೇಕು. ಈ ಗೋಳೇ ಬೇಡವೆಂದು ಪ್ರತಿಯೊಬ್ಬರ ಬಟ್ಟೆಯನ್ನೂ ಅಂದದ ಕೈಚೀಲದಲ್ಲಿ ಹಾಕಿ, ಹೆಸರು ಅಂಟಿಸಿ, ಮೊದಲೇ ಅವರವರ ಕುರ್ಚಿಯ ಮೇಲೆ ಇಡಿಸಿಬಿಟ್ಟೆ. ದೇವಪ್ಪನವರು ತಲೆ ಕೆರೆದುಕೊಂಡು, "ಹೆಸರ ಕರೀದಿದ್ರ ನಡೀತೈತೇನವಾ?" ಎಂದರು. "ಈಗ ಎಲ್ಲಾ ಕಡಿ ಹಿಂಗ ಮಾಡ್ತಾರ್ರಿ," ಎಂದೆ. ಎಲ್ಲಾ ಕಡೆ ಎಂದರೆ ಎಲ್ಲಿ ಎಂದು ಅವರು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಹೂರ್ತ ಹತ್ತಿರ ಬಂತು. ಮದುಮಗನ ಹಣೆಗೆ ಬಾಸಿಂಗ ಕಟ್ಟಬೇಕಾದ ಸೋದರಮಾವ, ಯಲಬುರ್ಗಾದ ಫಕೀರಪ್ಪನವರು, ಕಾಣಲಿಲ್ಲ. ಹುಡುಕಿದರೆ ಹೊರಗೆ ತಾವು ಬಂದ ಕ್ರೂಸರಿನ ಮುಂದಿನ ಸೀಟಿನಲ್ಲಿ ಬಾಗಿಲು ಹಾಕಿಕೊಂಡು, ಗಾಡಿ ಓಡುತ್ತಿದೆಯೇನೋ ಎಂಬಂತೆ ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದರು.

"ಆಹೇರಿ ಮುಟ್ಟಲಿಲ್ಲೇನ್ರಿ ಮಾವಾರ? ನಿಮ್ಮ ಕುರ್ಚಿ ಮ್ಯಾಲೆ ಇಟ್ಟಿದ್ವಲ್ರಿ," ಎಂದೆ.

"ಹೂಂ, ಕುರ್ಚಿಗೆ ಮಾಡೀರಿ ಆಹೇರಿ. ಬಾಸಿಂಗಾನೂ ಕುರ್ಚಿ ಕಡಿಂದನ ಕಟ್ಟಸ್ರಿ."

"ಚೀಲದಾಗ ಭಾಳ ಛಲೋ ಪಟಗ ಐತ್ರಿ."

"ಪಟಗ ನಮ್ಮನ್ಯಾಗೂ ಅದಾವ. ಫಕೀರಪ್ಪ ಬಂದಾನಂತ ಮಂದಿಗೆ ಗೊತ್ತಾಗಬೇಕೋ ಬ್ಯಾಡೋ? ಹೆಸರ ಹಿಡದು ಕರೀರಿ, ಬರ್ತೀನಿ."

ತಿರುಗಿ ನೋಡಿದರೆ ಉಳಿದ ನೆಂಟರೂ ಚೀಲಗಳನ್ನು ಕುರ್ಚಿಯಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ದೇವಪ್ಪನವರ ಮುಖ ಸುಣ್ಣದಂತಾಗಿತ್ತು. ಮೊದಲ ಮದುವೆಯಲ್ಲೇ ನನ್ನ ವ್ಯಾಪಾರ ಮುಳುಗುತ್ತಿತ್ತು. ಅಪ್ಪನ ರಜೆ ಇನ್ನು ಕಾಯಂ ಆಗುತ್ತದೆ ಎಂದುಕೊಳ್ಳುತ್ತಲೇ ಒಳಗೆ ಓಡಿ, ಮೈಕು ಹಿಡಿದು, ಚೀಲಗಳನ್ನೆಲ್ಲ ವೇದಿಕೆಗೆ ತರಿಸಿದೆ. "ಯಲಬುರ್ಗಾದ ಫಕೀರಪ್ಪನವರು, ಮದುಮಗನ ಸೋದರಮಾವನವರು, ವೇದಿಕಿಗೆ ಬರಬೇಕು," ಎಂದು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಆಗ ಬೇಡ ಬೇಡ ಎನ್ನುತ್ತ, ನಾಲ್ಕು ಜನರಿಂದ ದಬ್ಬಿಸಿಕೊಳ್ಳುತ್ತ, ಮುಖವೆಲ್ಲ ಹಿಗ್ಗಾಗಿ ಬಂದರು.

ಆಮೇಲೆ ಒಬ್ಬೊಬ್ಬರ ಹೆಸರನ್ನೂ ಊರು ಸಮೇತ, ಸಂಬಂಧ ಸಮೇತ ಕೂಗಿದೆ. ಫೋಟೋದವರ ಡ್ರೋನಿನ ಬ್ಯಾಟರಿ ಸತ್ತಿತು, ಹುಗ್ಗಿ ಆರಿತು, ಮುಹೂರ್ತವನ್ನು ಅಯ್ಯನವರು ರಬ್ಬರಿನಂತೆ ಎಳೆದು ಉದ್ದ ಮಾಡಿದರು. ಕೂಗುತ್ತ ಕೂಗುತ್ತ ನನಗೆ ಒಂದು ವಿಷಯ ಹೊಳೆಯಿತು. ಇವರೆಲ್ಲ ಹೊಲದಲ್ಲಿ ಆಳು, ಕಾರ್ಖಾನೆಯ ಗೇಟಿನಲ್ಲಿ ಟೋಕನ್ನು, ಕಚೇರಿಯಲ್ಲಿ ಅರ್ಜಿದಾರರು, ಆಸ್ಪತ್ರೆಯಲ್ಲಿ "ಮುಂದಿನವರು". ಹೆಸರಿನ ಮುಂದೆ ಊರು, ಹಿಂದೆ "ನವರು" ಸೇರಿಸಿ, "ಬರಬೇಕು" ಎಂದು ಇವರನ್ನು ಕರೆಯುವವರು ಇಲ್ಲಿ ಬಿಟ್ಟರೆ ಇನ್ನೆಲ್ಲಿದ್ದಾರೆ? ಟವೆಲ್ ಆ ಕರೆಯ ರಸೀದಿ ಮಾತ್ರ. ಇದನ್ನು ದೊಡ್ಡ ತತ್ತ್ವವೆಂದು ತಿಳಿಯಬೇಡಿ. ಆ ಹೊತ್ತಿಗೆ ನನಗೆ ವಿಪರೀತ ಹಸಿವಾಗಿತ್ತು, ಗಂಟಲು ಕೂತಿತ್ತು.

ಚೀಲಗಳು ಮುಗಿದವು. ಮೈಕು ಇಡಬೇಕೆನ್ನುವಾಗ ಪಟಗ ಸುತ್ತಿಕೊಂಡ ಫಕೀರಪ್ಪನವರು ಅದನ್ನು ಕಸಿದುಕೊಂಡರು. "ತಡೀರಿ, ಹಿಂದ ಒಬ್ರು ಹಿರ್ಯಾರು ಉಳದಾರ. ಯಾರ ಪೈಕಿರಿ ಅವರು? ಹೆಣ್ಣಿನ ಕಡಿಯವರೋ, ಗಂಡಿನ ಕಡಿಯವರೋ?" ಎಂದರು.

ಕೊನೆಯ ಸಾಲಿನಲ್ಲಿ, ನೀರಿನ ಡ್ರಮ್ಮಿನ ಪಕ್ಕದಲ್ಲಿ, ಅಪ್ಪ ಕುಳಿತಿದ್ದ. ನನಗೆ ಹೇಳದೆ ಬಂದಿದ್ದ. ಮಂಟಪವೇ ಹಿಂದೆ ತಿರುಗಿತು. ಇಷ್ಟು ಜನರ ಮುಂದೆ ರಜೆಯ ಮಾತು ಬರುತ್ತದೆ ಎಂದು ಮೈಕು ವಾಪಸು ಪಡೆಯಲು ಕೈ ಚಾಚಿದೆ. ಅಪ್ಪ ನಿಧಾನವಾಗಿ ಎದ್ದು ನಿಂತ.

"ಎರಡೂ ಕಡಿಯಂವ ಅಲ್ರಿ," ಎಂದ. "ಈ ಮದುವಿ ಮಾಡ್ಸಾಕತ್ತಾಳಲ್ರಿ, ಆಕಿ ಅಪ್ಪರಿ ನಾನು."

ಫಕೀರಪ್ಪನವರು ತಮಗೆ ಬಂದ ಬಟ್ಟೆಗಳ ಗಂಟಿನಿಂದ ಒಂದು ಟವೆಲ್ ಎಳೆದು, ಮೈಕನ್ನು ನನ್ನ ಕೈಗೆ ಕೊಟ್ಟು, "ಕರಿಯವಾ ನಿಮ್ಮಪ್ಪನ್ನ," ಎಂದರು. "ಗಿಣಿಗೇರಾದ ಹನುಮಪ್ಪನವರು ವೇದಿಕಿಗೆ ಬರಬೇಕು," ಎಂದೆ. ಬರಲಿಲ್ಲ, ಪುಣ್ಯಾತ್ಮ. ಕೆಮ್ಮಿ, ಕಣ್ಣೊರೆಸಿಕೊಂಡು, ಎರಡನೆಯ ಸಲ ಕರೆದೆ. ಆಗ ಬೇಡ ಬೇಡ ಎನ್ನುತ್ತ, ದಬ್ಬಿಸಿಕೊಳ್ಳುತ್ತ ಬಂದ.

ಆ ಟವೆಲ್ ಮಡಿಕೆ ಮುರಿಯದೆ ಮುಂದಿನ ಮದುವೆಗೆ ಹೋಗಬೇಕಾಗಿತ್ತು. ಅಪ್ಪ ಅದರ ಚೀಟಿ ಕಿತ್ತು ಗೂಟಕ್ಕೆ ಹಾಕಿದ್ದಾನೆ. ದಿನವೂ ಮಿಂದು ಅದರಿಂದಲೇ ಒರೆಸಿಕೊಂಡು, ಒದ್ದೆ ಮೈಯಲ್ಲೇ ಕಟ್ಟೆಯ ಮೇಲೆ ಕೂರುತ್ತಾನೆ. ಕಾರ್ಖಾನೆಯ ಕೆಂಪು ಧೂಳು ಬಂದು ಮೈಗೆ ಹತ್ತಿಕೊಳ್ಳುತ್ತದೆ. ಬೇರೆ ಟವೆಲ್ ಕೊಟ್ಟರೆ ಮುಟ್ಟುವುದಿಲ್ಲ. ಇವತ್ತು ಬೆಳಿಗ್ಗೆ ಹಿಟ್ಟಿನ ಗಿರಣಿಯವನು ಹಾದು ಹೋಗುತ್ತ, ಬೇಕೆಂದೇ ನಿಂತು, "ಮಗಳ ರಜಾ ಇನ್ನೂ ಮುಗೀಲಿಲ್ಲೇನೋ ಹನುಮಪ್ಪ?" ಎಂದು ಕೇಳಿದ. ಅಪ್ಪ ಎಡಭುಜದ ನೀರನ್ನು ಸಾವಕಾಶವಾಗಿ ಬಲಭುಜಕ್ಕೆ ಸಾಗಿಸಿದ.

"ಮುಗೀತು. ಕೆಲಸಕ್ಕ ಹೋಗ್ಯಾಳ," ಎಂದ.

ಒಳಗೆ ನಾನಿನ್ನೂ ಚಹಾ ಕುಡಿಯುತ್ತ ಕುಳಿತಿದ್ದೆ. ಲೋಟವನ್ನು ಅಲ್ಲೇ ಇಟ್ಟು ಹಿತ್ತಲ ಬಾಗಿಲಿನಿಂದ ಕೆಲಸಕ್ಕೆ ಹೊರಟೆ.