ಹಿಡಿಕೆ ಕಾಣದ ಬಾಗಿಲು

ಟ್ಯಾಕ್ಸಿ ಓಡಿಸುವ ಗಂಡ ಹೊಸ ಎಲೆಕ್ಟ್ರಿಕ್ ಕಾರು ತಂದು ಒಂದು ವಾರವಾಗಿತ್ತು. ಆ ಭಾನುವಾರ ಹೆಂಡತಿ ಮನೆ ಮುಂದೆ ಬಟ್ಟೆ ಒಗೆಯುತ್ತಿದ್ದಳು. ಅವನು ಕಾರಿನ ಸುತ್ತಲೇ ಸುತ್ತುತ್ತಿದ್ದ.

“ಒಂದ್ಸಲ ಚಾರ್ಜ್ ಮಾಡಿದ್ರೆ ನಾನೂರು ಕಿಲೋಮೀಟರ್ ಓಡತ್ತೆ ಕಣೇ.”

“ನೀವು ಎರಡು ಲೋಟ ಟೀ ಕುಡಿದ್ರೂ ಮೂಲೆ ಅಂಗಡಿವರೆಗೆ ನಡೆಯಲ್ಲ.”

ಅವನು ನಕ್ಕ. ಬಾಗಿಲಿನ ಹಿಡಿಕೆ ತಗಡಿನೊಳಗೇ ಅಡಗಿತ್ತು. ಗಾಳಿಗೆ ಅಡ್ಡಿಯಾಗದಿದ್ದರೆ ಕಾರು ಇನ್ನಷ್ಟು ದೂರ ಹೋಗುತ್ತದಂತೆ.

“ಈ ತುದಿ ಒತ್ತಿದ್ರೆ ಆ ತುದಿ ಆಚೆ ಬರತ್ತೆ. ಬಾ, ಒಂದ್ಸಲ ಒತ್ತಿ ನೋಡು.”

“ಹಿಡಿಕೆ ಬಚ್ಚಿಡೋಕೆ ಅದೇನು ಒಡವೆನಾ? ಕೈಯೆಲ್ಲ ಸೋಪು, ಹೋಗ್ರೀ. ತೆಗೆಯೋಕೆ ನೀವಿದ್ದೀರಲ್ಲ.”

ಮರುದಿನ ಮಧ್ಯಾಹ್ನ ಕಾರು ಮನೆ ಮುಂದೆ ಬಂದು ನಿಂತಿತು. ಅವನು ಇಳಿಯಲಿಲ್ಲ. ಎದೆ ಹಿಡಿದುಕೊಂಡು ಸ್ಟಿಯರಿಂಗ್ ಮೇಲೆ ಬಾಗಿದ್ದ. ಅವಳು ಬಾಗಿಲನ್ನೆಲ್ಲ ತಡವಿದಳು, ಗಾಜು ಬಡಿದಳು, ಬೀದಿಗೆಲ್ಲ ಕೇಳುವಂತೆ ಕೂಗಿದಳು. ಪಕ್ಕದ ಮನೆಯ ದರ್ಜಿ ಓಡಿ ಬಂದು ಒಂದೇ ಸಲಕ್ಕೆ ಒತ್ತಿ ತೆಗೆದ. ಅವನಿಗೂ ಗಂಡ ತೋರಿಸಿಕೊಟ್ಟಿದ್ದ. ಅಷ್ಟರಲ್ಲಿ ಗಂಡನ ಉಸಿರು ನಿಂತಿತ್ತು.

“ಇಂಥ ಬಾಗಿಲು ಮಾಡಿದವರ ಕೈ ಬಿದ್ದುಹೋಗ,” ಎಂದು ಗಂಡನ ಅಕ್ಕ ಶಪಿಸಿದಳು. ಇವಳು ತಲೆ ತಗ್ಗಿಸಿ ಹೂಂ ಎಂದಳು. ಅವನು ಕಲಿಸಲು ಕರೆದಿದ್ದ, ತಾನೇ ಹೋಗಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.

ಕಾರನ್ನು ಈಗ ಮೈದುನ ಓಡಿಸುತ್ತಾನೆ. ಅವನು ಬರುವ ಮುಂಚೆ ದಿನಾ ಬೆಳಿಗ್ಗೆ ಅವಳು ಕಾರು ಒರೆಸುತ್ತಾಳೆ. ಆಮೇಲೆ ಒದ್ದೆ ಕೈ ಒರೆಸಿಕೊಂಡು, ಅಂದು ಗಂಡ ಹೇಳಿದ್ದ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾಳೆ. ಹಿಡಿಕೆ ಆಚೆ ಬರುತ್ತದೆ. ಬಾಗಿಲು ತೆಗೆದು ಮತ್ತೆ ಮುಚ್ಚುತ್ತಾಳೆ.