ಚಿತ್ತಯ್ಯನ ಅಂಗೈ

ತೊಂಬತ್ತೆಂಟನೇ ಇಸವಿಯಲ್ಲಿ ಮೊಳಕಾಲ್ಮುರಿನ ನೇಕಾರ ಚಿತ್ತಯ್ಯ ಶೇಂಗಾ ಕೀಳುವ ಕೂಲಿಗೆ ಹೊರಟಾಗ ಅವನಿಗಿದ್ದ ಆಸ್ತಿಯೆಂದರೆ ಎರಡು ಅಂಗೈ. ರೇಷ್ಮೆ ಸೀರೆ ಮಾರಾಟವಾಗದೆ ಸಾಹುಕಾರ ಜಂಬುಲಿಂಗಪ್ಪ ಮಗ್ಗ ನಿಲ್ಲಿಸಿದ್ದ. "ಕಾರ್ತಿಕ ಕಳೆದ ಮ್ಯಾಲೆ ಬಾ. ಅಂಗೈ ಮ್ಯಾಲೆ ರೇಷ್ಮೆ ಎಳೆ ಎಳೆದು ನೋಡ್ತೀನಿ. ಸಿಕ್ಕಿಕೊಂಡ್ರೆ ಮಗ್ಗ ಬೇರೆಯವ್ನಿಗೆ," ಎಂದಿದ್ದ. ಒರಟು ಕೈ ತಾಗಿದರೆ ರೇಷ್ಮೆ ಎಳೆ ಬಿರಿದು ಜುಂಗೇಳುತ್ತದೆ. ನೇಕಾರರು ಹೊಲದ ಕೆಲಸಕ್ಕೆ ಹೆದರುವುದು ಅದಕ್ಕೇ, ಸೋಮಾರಿತನದಿಂದಲ್ಲ.

ಹೆದರಿ ಕೂತರೆ ಹೊಟ್ಟೆ ಕೇಳಬೇಕಲ್ಲ. ಆಂಧ್ರದ ರಾಯದುರ್ಗದ ಕಡೆಯಿಂದ ವರ್ಷವೂ ಗುಳೆ ಬರುವ ಹೆಂಗಸರ ತಂಡವೊಂದು ಲಾರಿಯಲ್ಲಿ ತಳಕಿನತ್ತ ಹೊರಟಿತ್ತು. ತನ್ನಂತೆ ಅವರ ಮನೆಮಾತೂ ತೆಲುಗು ಎಂಬ ಧೈರ್ಯದ ಮೇಲೆ ಚಿತ್ತಯ್ಯನೂ ಹತ್ತಿದ. ತಾಸೊಪ್ಪತ್ತಿನ ದಾರಿ ದಾಟುವಷ್ಟರಲ್ಲಿ ಪಕ್ಕದ ತಾಲ್ಲೂಕಿನವರ ಕಣ್ಣಿಗೆ ಅವನೂ ಆಂಧ್ರದ ಕೂಲಿಯವನಾಗಿಬಿಟ್ಟ.

ಮೊದಲ ದಿನ ಹಳೇ ಪಂಚೆ ಹರಿದು ಎರಡೂ ಕೈಗೆ ಸುತ್ತಿಕೊಂಡು ಹೊಲಕ್ಕಿಳಿದ. ಬುದ್ಧಿವಂತಿಕೆ ತಿರುಗಿಬಿತ್ತು. ಹೊಲದ ಯಜಮಾನ ಹನುಮಣ್ಣ ದೂರ ನಿಂತು, "ಇವ್ನಿಗೆ ಏನೋ ರೋಗ ಐತೆ, ವಾಪಸ್ ಕಳ್ಸಮ್ಮ," ಎಂದು ತಂಡದ ಹಿರಿಯಳು ಓಬಳಮ್ಮನಿಗೆ ಹೇಳಿದ.

ಓಬಳಮ್ಮ ಎಲ್ಲರೆದುರೇ ಅವನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಒಳಗೆ ಎಳೆಗೂಸಿನ ಕೆನ್ನೆಯಂಥ ಅಂಗೈ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಚಿತ್ತಯ್ಯ ಮುಖ ಸಣ್ಣದು ಮಾಡಿ ಮಗ್ಗದ ಸಂಗತಿ ಹೇಳಿದ, ಜೇಬಿನಲ್ಲಿದ್ದ ರೇಷ್ಮೆ ಎಳೆ ತೋರಿಸಿದ. ಓಬಳಮ್ಮ ತಮಾಷೆಗೆ ತನ್ನ ಕೈ ಚಾಚಿದಳು. ಎಳೆ ನಾಲ್ಕು ಕಡೆ ಸಿಕ್ಕಿಕೊಂಡಿತು. ಅವಳು ಗಳಿಗೆ ಹೊತ್ತು ಅಂಗೈಯನ್ನೇ ನೋಡಿದಳು.

"ನಂದಂತೂ ಹೋಯ್ತು. ನಿಂದ್ಯಾಕೆ ಹಾಳಾಗ್ಬೇಕು? ನಿನ್ನ ಸಾಲು ನಾವು ಕೀಳ್ತೀವಿ. ನಮ್ಮ ಹೊರೆ ನೀನು ಹೊರು."

ಹಾಗೇ ನಡೆಯಿತು. ಹೆಂಗಸರು ಕಿತ್ತ ಬಳ್ಳಿಯನ್ನೆಲ್ಲ ಚಿತ್ತಯ್ಯ ತಲೆಯ ಮೇಲೆ ಹೊತ್ತು ಬಣವೆಗೆ ಹಾಕಿದ. ಈಗ ಕೈಗೆ ಬಟ್ಟೆ ಸುತ್ತಿದರೆ ಹನುಮಣ್ಣನದೂ ತಕರಾರಿಲ್ಲ. ಸಂಜೆ ಹಸಿ ಶೇಂಗಾ ಅರೆದು ಅಂಗೈಗೆ ತಿಕ್ಕಿಕೊಳ್ಳದಿದ್ದರೆ ಓಬಳಮ್ಮ ಮುದ್ದೆ ಬಡಿಸುತ್ತಿರಲಿಲ್ಲ. ನಲವತ್ತು ದಿನದಲ್ಲಿ ಕತ್ತು ಸೋತು ಹೋಯಿತು.

ಕಾರ್ತಿಕ ಕಳೆಯಿತು. ಸಾಹುಕಾರನೆದುರು ಕೈ ಚಾಚಿ ಚಿತ್ತಯ್ಯ ಕಣ್ಣು ಮುಚ್ಚಿಕೊಂಡ. ಎಳೆ ಕಿರುಬೆರಳಿನಿಂದ ಹೆಬ್ಬೆರಳಿಗೆ ಎಲ್ಲೂ ನಿಲ್ಲದೆ ಜಾರಿತು. ಸಾಹುಕಾರ ಮತ್ತೊಮ್ಮೆ ಎಳೆದ.

"ಹೊಲಕ್ಕೆ ಹೋಗಿದ್ದೆ ಅಂದೆಯಲ್ಲ. ಸುಳ್ಳೇನ್ಲೇ?"

ಚಿತ್ತಯ್ಯ ಟವೆಲ್ ತೆಗೆದು ತಲೆ ಬಗ್ಗಿಸಿದ. ನೆತ್ತಿಯಲ್ಲಿ ಅಂಗೈಯಗಲ ಕೂದಲು ಸವೆದು ಹೋಗಿತ್ತು. ಜಂಬುಲಿಂಗಪ್ಪ ನಕ್ಕು, "ಹೋಗು, ಮಗ್ಗಕ್ಕೆ ಕೂರು," ಎಂದ. ಮಗ್ಗದ ಗುಂಡಿಗೆ ಕಾಲಿಳಿಸಿದ ಮೇಲೆ ಚಿತ್ತಯ್ಯನಿಗೆ ತಡೆಯಲಾಗದ ಅಳು ಬಂತು. ಎಷ್ಟು ಹಗುರವಾಗಿತ್ತು ಜೀವ.

ಮರುವರ್ಷ ಶೇಂಗಾ ಕಾಲಕ್ಕೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಆ ಹೆಂಗಸರ ಲಾರಿಗಾಗಿ ಕಾದು ನಿಂತಿದ್ದ. ಓಬಳಮ್ಮ ಕೆಳಗಿಳಿದವಳೇ ಕ್ಷೇಮ ಸಮಾಚಾರ ಕೇಳಲಿಲ್ಲ. ತನ್ನ ಒರಟು ಕೈಯಲ್ಲಿ ಅವನ ಕೈ ಹಿಡಿದು, ಮಗುಚಿ, ಹೆಬ್ಬೆರಳಿಂದ ಸವರಿ ನೋಡಿದಳು.

"ಉಳೀತು," ಎಂದಳು.