ಬಂದರಿನಲ್ಲಿ ಹೊಡೆದ ದೊಡ್ಡ ಗಂಟೆ

ಬಜಪೆಯಲ್ಲಿ ಬಸ್ಸು ಹತ್ತುವಾಗಲೇ ನನಗೆ ಗೊಂದಲ. ನೆರೆ, ಬೆಂಕಿಯಂಥ ಆಪತ್ತಿಗೆ ಮೊದಲೇ ತಯಾರಾಗಿರಲು ಬಂದರ್ ವಾರ್ಡಿನಲ್ಲಿ ಹೊಸ ಸಮಿತಿ ಮಾಡುತ್ತಾರಂತೆ. ಸಭೆ ಎಲ್ಲಿ ಎಂದು ಕೇಳಿದರೆ ಒಬ್ಬರು ಶಾಲೆ ಎಂದರು, ಇನ್ನೊಬ್ಬರು ದೋಣಿ ನಿಲ್ಲುವ ದಕ್ಕೆ ಎಂದರು. ನಾನು ಆ ವಾರ್ಡಿನವಳೂ ಅಲ್ಲ. ಆದರೆ ನನ್ನ ಮಾವ್ಶಿ, ಅಂದರೆ ಅಮ್ಮನ ತಂಗಿ, ಅಲ್ಲಿ ಹೊಳೆಬದಿಯ ಓಣಿಯಲ್ಲಿದ್ದಾರೆ. ಅವರಿಗೆ ನಡೆಯಲಾಗುವುದಿಲ್ಲ, ಮಗ ಹಗಲಿಡೀ ಕೆಲಸದಲ್ಲಿರುತ್ತಾನೆ. ಕಳೆದ ಮಳೆಗಾಲದಲ್ಲಿ ನೀರು ನುಗ್ಗಿದಾಗ ಓಣಿಯವರೆಲ್ಲ ಮೇಲೆ ಓಡಿದರು, ಮಾವ್ಶಿ ಮಂಚದ ಮೇಲೆ ಉಳಿದರು. ಮುಂದಿನ ಸಲ ಅವರನ್ನು ಎತ್ತಿಕೊಂಡು ಹೋಗುವವರು ಯಾರು ಎಂದು ಕೇಳಲು ಹೊರಟಿದ್ದೆ.

ದೇರೆಬೈಲಿನಲ್ಲಿ ಬಸ್ಸು ತುಂಬಿತು. ಮಳೆ ಬರುವ ಮುಂಚಿನ ಸೆಕೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಇಳಿದು, ಗೋಳಿಬಜೆ ತಿಂದು, ಗೋದಾಮುಗಳ ನಡುವೆ ನಡೆದೆ. ಸಭೆ ಕೊನೆಗೂ ಶಾಲೆಯಲ್ಲೇ ಸಿಕ್ಕಿತು.

ಸಂಚಾಲಕರು ಭಟ್ಟರು, ನಿವೃತ್ತ ಗುಮಾಸ್ತರು. ಎಚ್ಚರಿಕೆ ಕೊಡುವುದು ಹೇಗೆ ಎನ್ನುವುದರಲ್ಲೇ ಅರ್ಧ ಹೊತ್ತು ಹೋಯಿತು. ಸೈರನ್ ಇಲ್ಲ. ದೇವಸ್ಥಾನದ ಗಂಟೆ ದಿನಾ ಹೊಡೆಯುತ್ತದೆ, ಮಸೀದಿಯ ಮೈಕಿನಲ್ಲಿ ದಿನಾ ಬಾಂಗ್ ಆಗುತ್ತದೆ. "ಇಗರ್ಜಿಯ ದೊಡ್ಡ ಗಂಟೆ ಉಂಟಲ್ಲ, ಅದು ಅಪರೂಪಕ್ಕೆ ಹೊಡೆಯುವುದು," ಎಂದರು ಮೀನಿನ ವ್ಯಾಪಾರಿ ಹಮೀದಾಕ. ಎಲ್ಲರೂ ಒಪ್ಪಿದರು. ಅಪರೂಪಕ್ಕೆ ಯಾಕೆ ಹೊಡೆಯುತ್ತಾರೆ ಎಂದು ಯಾರೂ ಯೋಚಿಸಲಿಲ್ಲ. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ನಾನೂ ಯೋಚಿಸಲಿಲ್ಲ. ಪ್ರಯೋಗ ಇವತ್ತೇ, ಗಂಟೆ ಕೇಳಿದ ಕೂಡಲೇ ಶಾಲೆಯ ಮೈದಾನಕ್ಕೆ ಬನ್ನಿ ಎಂದು ವಾಟ್ಸಾಪಿನಲ್ಲಿ ಉದ್ದದ ಸಂದೇಶ ಹೋಯಿತು.

ಗಂಟೆ ಹೊಡೆಯಿತು. ನಿಧಾನಕ್ಕೆ, ಬಿಟ್ಟು ಬಿಟ್ಟು. ಗಂಟೆ ಹೊಡೆಯುವವರಿಗೆ ಅಭ್ಯಾಸವಿದ್ದದ್ದು ಹಾಗೆಯೇ. ನಾವು ಶಾಲೆಯ ಮೈದಾನದಲ್ಲಿ ಜನರನ್ನು ಕಾಯುತ್ತಾ ನಿಂತೆವು. ಬಿಸಿಲು ಸುಡುತ್ತಿತ್ತು, ಒಂದು ನರಪಿಳ್ಳೆಯೂ ಬರಲಿಲ್ಲ.

"ಎಂತ ಮಾರಾಯ್ರೆ, ಯಾರಿಗೂ ಕೇಳಲಿಲ್ವಾ?" ಎಂದರು ಭಟ್ಟರು.

ನೋಡಿ ಬರೋಣವೆಂದು ಕೆಳಗೆ ಹೊಳೆಬದಿಗೆ ಇಳಿದೆವು. ಓಣಿಯ ಜನವೆಲ್ಲ ಮಾವ್ಶಿಯ ಅಂಗಳದಲ್ಲಿತ್ತು. ಕೆಲವರ ಕೈಯಲ್ಲಿ ಹೂವು. ಒಬ್ಬರು ಬೆಂಚು ಹೊತ್ತು ತರುತ್ತಿದ್ದರು. ಗಂಟೆ ಹೊಡೆಸಿದ್ದು ನಾವೇ ಎಂದು ಗೊತ್ತಿದ್ದೂ ಜನರನ್ನು ನೂಕಿಕೊಂಡು ಒಳಗೆ ಓಡಿದೆ.

ಮಾವ್ಶಿ ಮಂಚದಲ್ಲಿ ಕೂತು ಚಾ ಕುಡಿಯುತ್ತಿದ್ದರು. "ನೀನೂ ಬಂದಿಯಾ?" ಎಂದರು. ದೊಡ್ಡ ಗಂಟೆ ನಿಧಾನಕ್ಕೆ ಹೊಡೆದರೆ ಇಲ್ಲಿ ಅರ್ಥ ಒಂದೇ, ಸಾವು. ಓಣಿಯಲ್ಲಿ ಹಾಸಿಗೆ ಹಿಡಿದವರು ಇವರೊಬ್ಬರೇ. ನಮ್ಮ ಉದ್ದದ ಸಂದೇಶವನ್ನು ಯಾರೂ ಓದಿರಲಿಲ್ಲ, ಜನ ನೇರ ಇಲ್ಲಿಗೇ ಬಂದಿದ್ದರು.

ಭಟ್ಟರು ತಲೆಗೆ ಕೈಯಿಟ್ಟು ಕೂತರು. "ಇದು ಪಾಸಾ, ಫೇಲಾ? ವರದಿಯಲ್ಲಿ ನಾನು ಎಂತ ಅಂತ ಬರೆಯುವುದು?"

"ತಪ್ಪು ಜಾಗಕ್ಕೆ ಬಂದದ್ದು ಹೌದು," ಎಂದರು ಹಮೀದಾಕ. "ಆದ್ರೆ ಎಲ್ಲರೂ ಬಂದಿದ್ದಾರೆ ಭಟ್ರೇ."

ಮಾವ್ಶಿ ಲೋಟ ಕೆಳಗಿಟ್ಟರು. "ಕಳೆದ ಮಳೆಗೆ ನೀರು ಬಂದಾಗ ಈ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಇನ್ನು ಮುಂದೆಯೂ ನಾನು ಸತ್ತೆ ಅಂತಲೇ ಗಂಟೆ ಹೊಡೆಸಿ."

ಹೂವು ಹಿಡಿದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು. ಹಮೀದಾಕ ಒಂದು ಕುರ್ಚಿ ಎಳೆದರು. ನಾಲ್ವರು ಮಾವ್ಶಿಯನ್ನು ಅದರಲ್ಲಿ ಕೂರಿಸಿ ಎತ್ತಿದರು. ಹೆಗಲು ಬದಲಿಸುತ್ತಾ ಶಾಲೆಯ ಮೈದಾನದತ್ತ ಹೊರಟರು. ಹೆಣದ ಹಿಂದೆ ಹೋಗುವ ಹಾಗೆಯೇ ಇಡೀ ಓಣಿ ಹಿಂಬಾಲಿಸಿತು.

ಸಂಜೆ ಬಜಪೆಗೆ ಮರಳುವ ಬಸ್ಸಿನಲ್ಲಿ ಕೂತಾಗಲೂ ನನಗೆ ಸಮಾಧಾನವೋ ನಾಚಿಕೆಯೋ ತಿಳಿಯಲಿಲ್ಲ. ಕುರ್ಚಿಯ ಮೇಲಿಂದ ಹಿಂದೆ ತಿರುಗಿ, ತನ್ನ ಜೊತೆ ಯಾರ್‍ಯಾರು ಬರುತ್ತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದ ಮಾವ್ಶಿಯ ಮುಖವೇ ಕಣ್ಣ ಮುಂದಿತ್ತು.